ಚನ್ನಬಸವನ ಅರ್ಧ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚನ್ನಬಸವನ ಕಾರು ಅಪಘಾತವಾಯಿತೆಂದು ಶಿರಸಿಯ ನಮ್ಮ ಓಣಿಯಲ್ಲಿ ಮೊದಲು ಕೂಗಿದವನು ನಾನೇ. ಮೂವತ್ತೆರಡು ವರ್ಷ ಮಕ್ಕಳಿಗೆ ‘ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು’ ಎಂದು ಪಾಠ ಮಾಡಿ ನಿವೃತ್ತನಾದ ಮಾಸ್ತರ ನಾನು. ಅಂದೂ ಕಣ್ಣಾರೆ ಕಂಡದ್ದನ್ನೇ ಹೇಳಿದೆ. ಬೆಳಿಗ್ಗೆ ಹತ್ತು ಗಂಟೆಗೆ ಓಣಿಯೊಳಗೆ ಒಂದು ಲಾರಿ ಬಂತು. ಅದರ ಬೆನ್ನ ಮೇಲೆ ಎಡಮೈ ಪೂರ್ತಿ ಜಜ್ಜಿಹೋದ ಬಿಳಿ ಕಾರು. ಲಾರಿಯ ಮುಂಬಾಗಿಲು ಹಿಡಿದು ಇಳಿದ ಚನ್ನಬಸವ ಎಡಗಾಲು ಕುಂಟುತ್ತ ನಾಲ್ಕು ಹೆಜ್ಜೆ ಇಟ್ಟು, ನಮ್ಮ ಮನೆಯ ಕಟ್ಟೆ ಹಿಡಿದು ನಿಂತ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಹುಬ್ಬಳ್ಳಿಯಿಂದ ಮೂರು ತಾಸು ಮುದುಡಿ ಕೂತು ಅವನ ಕಾಲಿಗೆ ಜೋಮು ಹಿಡಿದಿತ್ತು ಎಂಬುದು ನನಗೆ ತಿಳಿದದ್ದು ಹದಿನೈದು ದಿನದ ಮೇಲೆ.

"ಅಯ್ಯಯ್ಯೋ, ಚನ್ನಬಸವನ ಕಾರು ಆಕ್ಸಿಡೆಂಟಾಗಿದೆ! ಮಹೇಶ್ವರೀ, ಬೇಗ ಬಾರೇ ತಂಗೀ!" ಎಂದು ನಾನು ಕೂಗಿದೆ.

ಮಹೇಶ್ವರಿ ಅವನ ಹೆಂಡತಿ. ಕೈಯಲ್ಲಿದ್ದ ಲಟ್ಟಣಿಗೆಯ ಸಮೇತ ಓಡಿಬಂದಳು.

"ಯಾರ ಕಾರ್ರೀ ಮಾಸ್ತರ್ರ?"

"ನಿಮ್ಮದೇ ಮಾರಾಯ್ತಿ!"

"ನಮ್ಮ ಮನ್ಯಾಗ ಕಾರೇ ಇಲ್ಲಲ್ರೀ!"

ಈ ಸಮಸ್ಯೆಯನ್ನು ಬಿಡಿಸಿದವನು ಎದುರುಮನೆಯ ಪೊಲೀಸ್ ಪೇದೆ ಕೆರಿಯಪ್ಪ. ಅವನಿಗೆ ಅಂದು ರಜೆ; ಆದರೆ ತನಿಖೆಗೆ ರಜೆ ಎಲ್ಲಿಯದು? ಲುಂಗಿ ಎತ್ತಿ ಕಟ್ಟಿಕೊಂಡು ಕಾರಿನ ಸುತ್ತ ಎರಡು ಬಾರಿ ತಿರುಗಿ, "ಗೊತ್ತಾಯ್ತು ಬಿಡಿ. ನಿನ್ನೆ ಹೊಸಾ ಕಾರು ತರೂಕೆ ಹೋಗಿದ್ದ. ತಂದ ದಿನವೇ ಗುದ್ದಿಕೊಂಡ ಪಾಪ" ಎಂದ.

ಕೂಡಿದ್ದ ಜನ "ಹೊಸಾ ಕಾರಂತೆ" ಎಂದು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಆ ಮಾತು ಹಾಗೆ ಓಣಿಯ ತುದಿ ಮುಟ್ಟುವುದನ್ನು ಚನ್ನಬಸವ ಕಟ್ಟೆ ಹಿಡಿದುಕೊಂಡೇ ಕೇಳಿದ. ಬನವಾಸಿ ಕಡೆಯಿಂದ ಬಂದು ಶಿರಸಿ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವನ ಹೆಸರನ್ನೂ ‘ಹೊಸದು’ ಎಂಬ ಶಬ್ದವನ್ನೂ ಯಾರೂ ಒಟ್ಟಿಗೆ ಉಚ್ಚರಿಸಿರಲಿಲ್ಲ. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಮನುಷ್ಯ ಮಾಡಿದ ತಪ್ಪು ಅಷ್ಟೇ. ಉಳಿದದ್ದನ್ನೆಲ್ಲ ನಾವು ಮಾಡಿದೆವು.

ಆ ಕಾರು ಹೊಸದಲ್ಲ, ಅವನು ಅದನ್ನು ಎಲ್ಲಿಯೂ ಗುದ್ದಿಸಿರಲೂ ಇಲ್ಲ. ಅಪಘಾತವಾಗಿ ಇನ್ನು ರಿಪೇರಿಗೆ ಅರ್ಥವಿಲ್ಲ ಎನಿಸಿದ ಕಾರುಗಳನ್ನು ವಿಮೆ ಕಂಪನಿಗಳು ಹರಾಜು ಹಾಕುತ್ತವೆ. ಈಗ ಹರಾಜು ಕೂಗಲು ಊರಿಗೆ ಹೋಗಬೇಕಿಲ್ಲ, ಫೋನಿನಲ್ಲೇ ಕೂಗಬಹುದು. ಅಂಗಡಿಗೆ ಸಾಮಾನು ತರುವ ಟೆಂಪೋದ ಅಫ್ರೋಜ್ ಅವನಿಗೆ ಅದನ್ನು ತೋರಿಸಿಕೊಟ್ಟಿದ್ದ. ಫೋನಿನಲ್ಲಿ ಒಂದು ಬಿಳಿ ಕಾರಿನ ಆರು ಚಿತ್ರಗಳಿದ್ದವು. ಮೊದಲ ಮೂರು ಬಲಗಡೆಯವು. ಬಲಗಡೆ ಒಂದು ಗೀರೂ ಇರಲಿಲ್ಲ. ಉಳಿದ ಮೂರನ್ನು ನೋಡುವ ತಾಳ್ಮೆ ಇಲ್ಲದೆ ಚನ್ನಬಸವ ಕೂಗಿನ ಗುಂಡಿ ಒತ್ತಿಬಿಟ್ಟ. ಪೈಪೋಟಿಗೆ ಒಬ್ಬನೂ ಬರಲಿಲ್ಲವೇಕೆ ಎಂದು ಆಮೇಲೆ ಅಚ್ಚರಿಪಟ್ಟನಂತೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ, ಅದಕ್ಕೊಂದು ಕಾರಣವಿದೆ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಮಹೇಶ್ವರಿಯ ತವರು ಯಲ್ಲಾಪುರ. ಶಿರಸಿಯಿಂದ ಐವತ್ತು ಕಿಲೋಮೀಟರ್, ಎಲ್ಲವೂ ಕಾಡು, ಎಲ್ಲವೂ ತಿರುವು. ಆಕೆಗೆ ಬಸ್ಸು ಆಗುವುದಿಲ್ಲ. ಬಸ್ಸು ಸ್ಟ್ಯಾಂಡು ಬಿಡುವುದರೊಳಗೆ ನಿಂಬೆಹಣ್ಣು ಮೂಗಿಗೆ ಹಿಡಿದು ತಲೆ ತಗ್ಗಿಸಿದರೆ, ಇಳಿದ ಮೇಲೂ ಅರ್ಧ ತಾಸು ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಮುಂದಿನ ಸೀಟಿನಲ್ಲಿ ಕೂತರೆ ತಡೆದೀತು ಎಂದು ಡಾಕ್ಟರು ಹೇಳಿದ್ದರು. ಆದರೆ ಬಾಡಿಗೆ ಕಾರಿನಲ್ಲಿ ಪರಿಚಯವಿಲ್ಲದ ಡ್ರೈವರನ ಪಕ್ಕ ಹೆಣ್ಣುಮಗಳು ಕೂರುವುದುಂಟೇ? ಆಕೆ ಹಿಂದೆಯೇ ಕೂತಳು, ಊರು ದಾಟುವುದರೊಳಗೆ ಡ್ರೈವರನಿಗೆ ಕಾರು ತೊಳೆಯುವ ಕೆಲಸ ಬಂತು. ಇಷ್ಟು ವರ್ಷ ತಾಯಿ ಗಿರಿಜವ್ವನೇ ಮಗಳಲ್ಲಿಗೆ ಬಂದು ಹೋಗುತ್ತಿದ್ದರು. ಕಳೆದ ದೀಪಾವಳಿಯಲ್ಲಿ ಅವರು ಜಾರಿ ಬಿದ್ದು ತೊಡೆ ಮುರಿದುಕೊಂಡರು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಆದರೆ ಇನ್ನು ಅವರು ಪ್ರಯಾಣ ಮಾಡುವಂತಿರಲಿಲ್ಲ. ಮಹೇಶ್ವರಿ ದಿನಾ ಸಂಜೆ ಫೋನಿನಲ್ಲಿ ತಾಯಿಯ ಜೊತೆ ನಗುನಗುತ್ತ ಮಾತಾಡಿ, ಫೋನಿಟ್ಟ ಮೇಲೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಅದನ್ನು ನೋಡಲಾರದೆ ಚನ್ನಬಸವ ನಲವತ್ತೇಳನೆಯ ವಯಸ್ಸಿಗೆ ಕಾರು ಕಲಿತು ಲೈಸೆನ್ಸು ಮಾಡಿಸಿದ. ತನ್ನ ಕಾರು, ತಾನೇ ಡ್ರೈವರು, ಪಕ್ಕದಲ್ಲಿ ಹೆಂಡತಿ. ಅವನಿಗೆ ಬೇಕಾದದ್ದು ಇಷ್ಟೇ.

ಹರಾಜಿನ ಕಾರಿನಲ್ಲಿ ಜಜ್ಜಿಹೋಗಿದ್ದದ್ದು ಸರಿಯಾಗಿ ಆ ಸೀಟು.

ನಮ್ಮಲ್ಲಿ ಯಾರಿಗಾದರೂ ಪೆಟ್ಟಾದರೆ ‘ಮಾತಾಡಿಸಿಕೊಂಡು ಬರುವುದು’ ಎಂದಿದೆ. ಬರಿಗೈಲಿ ಹೋಗುವಂತಿಲ್ಲ. ಮರುದಿನದಿಂದಲೇ ಚನ್ನಬಸವನ ಮನೆಗೆ ಬಾಳೆಹಣ್ಣು, ಬ್ರೆಡ್ಡು, ಮೋಸಂಬಿ, ಎಳನೀರು ಹರಿದುಬಂದವು. ಹೆಂಡತಿ ಕಾಲಿಗೆ ಅರಿಸಿನದ ಪಟ್ಟು ಹಾಕಿ, ಹಾಲಿಗೆ ತುಪ್ಪ ಬಿಟ್ಟು ಕುಡಿಸಿ, "ಕಾರು ಹೋದ್ರ ಹೋಗ್ಲಿ, ನೀವು ಉಳದ್ರಲ್ಲ" ಎಂದು ಕಣ್ಣೊರೆಸಿಕೊಂಡಳು. ಹೆಂಡತಿ ಹಾಗೆ ಕಣ್ಣೊರೆಸಿಕೊಳ್ಳುವಾಗ ‘ಕಾಲಿಗೆ ಜೋಮು ಹಿಡಿದಿತ್ತು ಅಷ್ಟೆ’ ಎನ್ನಲು ಎಂಥ ಗಂಡನಿಗೂ ಗುಂಡಿಗೆ ಸಾಲದು. ಚನ್ನಬಸವ ಕುಂಟುವುದನ್ನು ಮುಂದುವರಿಸಿದ.

ಮೂರನೆಯ ದಿನ ಕೆರಿಯಪ್ಪ ಯೂನಿಫಾರ್ಮ್ ಹಾಕಿಕೊಂಡೇ ಬಂದ.

"ಎಲ್ಲಿ ಗುದ್ದಿದ್ಯೋ ಚನ್ನಬಸವಾ? ಮನುಷ್ಯರಿಗೇನಾದ್ರೂ..."

"ಇಲ್ರೀ ಕೆರಿಯಪ್ಪಣ್ಣ! ಮನಷ್ಯಾರಿಲ್ಲ. ಹುಬ್ಬಳ್ಳಿ ರಸ್ತೆದಾಗ, ತಿರುವಿನ್ಯಾಗ, ಒಂದು ಮರಕ್ಕ..."

ಬೇರೆ ಜಿಲ್ಲೆಯಲ್ಲಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಕಡೆ ಪ್ರತಿ ಮರಕ್ಕೂ ಸರಕಾರದ ಒಬ್ಬ ನೆಂಟ ಇರುತ್ತಾನೆ. ಸಂಜೆ ಫಾರೆಸ್ಟ್ ಗಾರ್ಡ್ ಮಂಜ ಪುಸ್ತಕ ಹಿಡಿದು ಹಾಜರಾದ.

"ಯಾವ ಮರ?"

"ಸಣ್ಣದ್ರೀ."

"ಸಣ್ಣ ಮರ ಅರ್ಧ ಕಾರು ತಿನ್ನೂಕೆ ಸಾಧ್ಯ ಉಂಟಾ? ಸಾಗವಾನಿಯಾ, ಮತ್ತಿಯಾ, ಹೊನ್ನೆಯಾ?"

ಚನ್ನಬಸವನಿಗೆ ಸ್ಟೀಲು, ಹಿತ್ತಾಳೆ, ಅಲ್ಯುಮಿನಿಯಂ ಬಿಟ್ಟರೆ ಬೇರೆ ಜಾತಿ ಗೊತ್ತಿಲ್ಲ. "ಎಲಿ ಇದ್ವು ರೀ" ಎಂದ.

ಮಂಜ ಅದನ್ನು ಬರೆದುಕೊಂಡ. "ಸಾಗವಾನಿ ಆದ್ರೆ ಪಂಚನಾಮೆ ಆಗ್ಬೇಕು. ನಾಳೆ ಜಾಗ ತೋರ್ಸು."

ಇಲ್ಲದ ಮರದ ಜಾಗ ಎಲ್ಲಿ ತೋರಿಸುವುದು? ಚನ್ನಬಸವ ಬೆವೆತ. "ಮರಕ್ಕ ಅಲ್ರೀ, ನೆನಪು ತಪ್ಪೇತಿ. ಒಂದು ಪ್ರಾಣಿ ಅಡ್ಡ ಬಂತ್ರೀ."

ಮಂಜ ಕೂತಲ್ಲಿಂದ ಎದ್ದು ನಿಂತ. "ಕಾಡುಕೋಣವಾ?"

"ಅಯ್ಯ, ಅಲ್ಲಲ್ರೀ! ಊರಿಂದು! ಎಮ್ಮಿ! ಬರೇ ಎಮ್ಮಿ!"

ಮಂಜ ನಿರಾಶನಾಗಿ, ಎರಡು ಬಾಳೆಹಣ್ಣು ತಿಂದು ಹೋದ. ಎಮ್ಮೆ ಅವನ ಇಲಾಖೆಯಲ್ಲ. ಆದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋಗಿದ್ದಾನೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿ ರಸ್ತೆಯ ಪಕ್ಕದ ಹಳ್ಳಿಯಿಂದ ಹುಚ್ಚ ಎಂಬ ಮುದುಕ ಖಾಲಿ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು ಅಂಗಳದಲ್ಲಿ ಕೂತ.

"ಒಡೆಯಾ, ನನ್ನ ಎಮ್ಮೆ ನಾಲ್ಕು ದಿನದಿಂದ ಮನೆಗೆ ಬಂದಿಲ್ಲ. ಒಂದು ಕೋಡು ಮೇಲೆ, ಒಂದು ಕೋಡು ಕೆಳಗೆ. ಅದೇ ಅಲ್ಲವಾ?"

ಜಗಳವಾಡಲು ಬಂದವನಾಗಿದ್ದರೆ ಸುಲಭವಿತ್ತು. ಮುದುಕ ಅಳುತ್ತಿದ್ದ. ಚನ್ನಬಸವನಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ, ತಾನು ಗುದ್ದದ ಎಮ್ಮೆಯನ್ನು ಹುಡುಕಲು ಹುಚ್ಚನ ಹಿಂದೆ ಹೊರಟ. ಎರಡು ದಿನ, ಹಳ್ಳದ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ, ಕುಂಟುತ್ತ ಹುಡುಕಿದ. ಕಾಡಿನಲ್ಲಿ ನೋಡುವವರಿಲ್ಲದಿದ್ದರೂ ಕುಂಟಿದನಂತೆ, ಅಷ್ಟು ರೂಢಿಯಾಗಿತ್ತು. ಕೊನೆಗೆ ಎಮ್ಮೆ ತಾನಾಗಿಯೇ ಮನೆಗೆ ಬಂತು. ಹುಚ್ಚ ಒಂದು ಗಡಿಗೆ ಮೊಸರು ತಂದುಕೊಟ್ಟು, "ಕಾರು ಮುರಿಯೋ ಹಾಂಗೆ ಗುದ್ದಿದ್ರೂ ನನ್ನ ಎಮ್ಮೆಗೆ ಒಂದು ಗಾಯ ಮಾಡಲಿಲ್ಲ, ಅಂಥಾ ದೇವರಂಥಾ ಮನುಷ್ಯ" ಎಂದು ಓಣಿಗೆಲ್ಲ ಸಾರಿದ. ಅದನ್ನು ಕೇಳಿದ ಮಂಜ, ಎಮ್ಮೆಗೆ ಗಾಯವಿಲ್ಲ ಎಂದಾದರೆ ಕಾರು ಗುದ್ದಿದ್ದು ಮರಕ್ಕೇ ಎಂದು ಮತ್ತೆ ಪುಸ್ತಕ ತೆರೆದ.

ಈ ಮಧ್ಯೆ ಕಾರು ಊರ ಹೊರಗಿನ ಜಹಾಂಗೀರನ ಗ್ಯಾರೇಜಿಗೆ ಹೋಗಿತ್ತು. ಗೆಳೆಯನ ದುಃಖದಲ್ಲಿ ಭಾಗಿಯಾಗಬೇಕೆಂದು ಒಂದು ದಿನ ನಾನೂ ಅಲ್ಲಿಗೆ ಹೋದೆ.

"ಸಾವ್ಕಾರ್ರೆ, ನೀವು ಅರ್ಧ ಕಾರು ತಗೊಂಡೀರಿ. ಬಲಗಡೆ ಅರ್ಧ ಫಸ್ಟ್ ಕ್ಲಾಸ್ ಐತೆ. ಇನ್ನರ್ಧ ಊರೂರು ತಿರುಗಿ ತರಬೇಕು" ಎನ್ನುತ್ತಿದ್ದ ಜಹಾಂಗೀರ್.

ಊರೂರು ತಿರುಗಿಯೇ ತಂದಿದ್ದರು. ಎಡಬಾಗಿಲು ಹುಬ್ಬಳ್ಳಿಯ ಗುಜರಿಯಿಂದ ಬಂದದ್ದು, ನೀಲಿ. ಚಕ್ರದ ಮೇಲಿನ ತಗಡು ಸಿದ್ದಾಪುರದ್ದು, ಕೆಂಪು. ಕನ್ನಡಿ ಯಲ್ಲಾಪುರದಲ್ಲಿ ನಿಂತೇ ಹೋಗಿದ್ದ ಯಾವುದೋ ಕಾರಿನದು. ಅಫ್ರೋಜ್ ಅದನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ಟೆಂಪೋದಲ್ಲಿ ತಂದಿದ್ದ. ಇವಕ್ಕೆಲ್ಲ ಚನ್ನಬಸವ ತಕರಾರು ಮಾಡಲಿಲ್ಲ. ತಕರಾರೆಲ್ಲ ಎಡಗಡೆಯ ಮುಂದಿನ ಸೀಟಿನದು. ಹನ್ನೊಂದು ಸೀಟು ತರಿಸಿ ಹನ್ನೊಂದನ್ನೂ ಬೇಡ ಎಂದಿದ್ದ. ನಾನು ಹೋದಾಗ ಹನ್ನೆರಡನೆಯದನ್ನು ನೆಲದ ಮೇಲಿಟ್ಟು ಅದರಲ್ಲಿ ಕಣ್ಣುಮುಚ್ಚಿ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಿದ್ದ.

"ಎಂತ ಮಾಡ್ತಾ ಇದ್ಯೋ ಮಾರಾಯಾ?" ಎಂದೆ.

"ಯಲ್ಲಾಪುರ ರಸ್ತೆದಾಗ ಮಂಚಿಕೇರಿ ತಿರುವು ಹಾಯಾಕತ್ತೇನಿ, ಮಾಸ್ತರ್ರ. ಸ್ವಲ್ಪ ತಡೀರಿ."

ಜಹಾಂಗೀರನ ಹೆಂಡತಿ ಶಾಕಿರಾ ಗ್ಯಾರೇಜಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟಿನ ಕವರು ಹೊಲಿಯುವವಳು. ಅವಳು ಯಂತ್ರ ನಿಲ್ಲಿಸಿ ಕೇಳಿದಳು. "ಅಣ್ಣಾ, ಈ ಸೀಟಲ್ಲಿ ಕೂತ್ಕೊಳ್ಳೋದು ಯಾರು?"

ಚನ್ನಬಸವ ಕಣ್ಣು ತೆರೆದ. "ನಮ್ಮನಿಯಾಕಿ" ಎಂದ. ಆಮೇಲೆ ಎಲ್ಲವನ್ನೂ ಹೇಳಿದ, ಹರಾಜು, ಜೋಮು, ನಿಂಬೆಹಣ್ಣು, ಗಿರಿಜವ್ವನ ತೊಡೆ, ಹಿತ್ತಲು. ಜಹಾಂಗೀರ್ ಸ್ಪಾನರ್ ಕೆಳಗಿಟ್ಟ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಹಂಗಾದ್ರೆ ಮೆತ್ತಗಿನ ಸೀಟು ಬೇಡ ಅಣ್ಣಾ, ಎತ್ತರದ್ದು ಹಾಕಿ. ರಸ್ತೆ ದೂರದತನಕ ಕಂಡ್ರೆ ಹೊಟ್ಟೆ ತೊಳಸೋದಿಲ್ಲ. ನನಗೂ ಹಂಗೇ ಆಗ್ತಿತ್ತು" ಎಂದಳು ಶಾಕಿರಾ.

ಜಹಾಂಗೀರ್ ದೊಡ್ಡ ಜೀಪೊಂದರ ಸೀಟು ತಂದು, ಅಡಿಗೆ ಕಬ್ಬಿಣದ ಕಾಲು ಬೆಸೆದು ಕೂರಿಸಿದ. ಶಾಕಿರಾ ಹೂವಿನ ಕವರು ಹೊಲಿದು ಹಾಕಿ ಕೂಲಿ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತವರು ಡ್ರೈವರನಿಗಿಂತ ಒಂದು ಗೇಣು ಎತ್ತರದಲ್ಲಿರುತ್ತಾರೆ. ಸಂಸಾರದಲ್ಲಿ ಅದು ಹೊಸ ವಿಷಯವೇನಲ್ಲ.

"ಇನ್ನಾದ್ರೂ ನಿಜ ಹೇಳಿಬಿಡೋ" ಎಂದೆ ನಾನು, ಮನೆಗೆ ಮರಳುವ ದಾರಿಯಲ್ಲಿ.

"ಹದಿನೈದು ದಿನ ಆತ್ರೀ ಮಾಸ್ತರ್ರ. ಜನರ ಎಷ್ಟು ಬಾಳೆಹಣ್ಣು ತಿಂದೇನಿ! ಈಗ ಯಾವ ಬಾಯಿಲೆ ಹೇಳ್ಲಿ?"

ಸೋಮವಾರ ಕಾರು ಮನೆಗೆ ಬಂತು. ಬಿಳಿ, ನೀಲಿ, ಕೆಂಪು. ಆದರೂ ಓಡುತ್ತಿತ್ತು, ಕಾಗದಪತ್ರ, ಹೊಸ ವಿಮೆ ಎಲ್ಲ ಸರಿಯಾಗಿತ್ತು. ಓಣಿಯೆಲ್ಲ ನೆರೆಯಿತು. ಮಂಜ, ಕೆರಿಯಪ್ಪ ಇದ್ದರು, ಮೊಸರಿನ ಗಡಿಗೆ ಮರಳಿ ಒಯ್ಯಲು ಬಂದಿದ್ದ ಹುಚ್ಚನೂ ಇದ್ದ. ಮಹೇಶ್ವರಿ ಆರತಿ ಎತ್ತಿದಳು, ಬಾನೆಟ್ಟಿಗೆ ವಿಭೂತಿ ಹಚ್ಚಿದಳು. ಚನ್ನಬಸವ ಸುತ್ತು ಹಾಕಿ ಬಂದು ನೀಲಿ ಬಾಗಿಲು ತೆರೆದು, "ಹತ್ತು. ಯಲ್ಲಾಪುರಕ್ಕ ಹೋಗೂಣು" ಎಂದ.

ಮಹೇಶ್ವರಿ ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ಒಲ್ಲೆ ರೀ."

"ಯಾಕ?"

"ಅವ್ವ ಆಣಿ ಹಾಕ್ಸ್ಯಾಳ. ತಂದ ದಿನಾನ ಕಾರು ಮುರಕೊಂಡಾರ, ಅವರು ಹೊಡಿಯೂ ಕಾರು ಹತ್ತಿದ್ರ ನನ್ನ ಹೆಣ ನೋಡಿದಂಗ ಅಂದಾಳ. ನನ್ನ ನೋಡಾಕ ಬರಾಕ ಹೋಗಿ ನಿನಗ ಏನರ ಆದ್ರ ಅಂತ ಅಳತಾಳ್ರೀ."

ಚನ್ನಬಸವ ಬಾಗಿಲು ಹಿಡಿದು ನಿಂತೇ ಇದ್ದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಹೊಸ ಕಾರಿನ ಯಜಮಾನನಾಗಿ ಉಳಿಯಬಹುದಿತ್ತು. ಹಾಗಾದರೆ ಆ ಸೀಟು ಖಾಲಿಯೇ ಉಳಿಯುತ್ತಿತ್ತು. ಅವನು ನಮ್ಮೆಲ್ಲರ ಕಡೆ ತಿರುಗಿ, ಕೊನೆಯ ಬಾರಿಗೆ ಕುಂಟಿ, ಆಮೇಲೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತ.

"ಕೇಳ್ರಿ ಎಲ್ಲಾರೂ. ನಾ ಯಾವ ಕಾರೂ ಮುರಿದಿಲ್ಲ. ಮುರಿದಿದ್ದನ್ನ ಹರಾಜಿನ್ಯಾಗ ತಂದೇನಿ. ಮರ ಇಲ್ಲ, ಎಮ್ಮಿ ಇಲ್ಲ. ನನ್ನ ಕಾಲಿಗೂ ಏನೂ ಆಗಿಲ್ಲ."

ಎಲ್ಲರೂ ಒಮ್ಮೆಲೇ ಮಾತಾಡಿದರು.

"ಕೇಸು ಬಿದ್ದೀತು ಅಂತ ಹೆದ್ರಿ ಕಥೆ ಕಟ್ತಾನೆ ಪಾಪ" ಎಂದ ಕೆರಿಯಪ್ಪ.

"ಹಾಂಗಾದ್ರೆ ಅದು ಸಾಗವಾನಿಯೇ! ಇಲ್ಲದಿದ್ರೆ ಇಷ್ಟು ಯಾಕೆ ಮುಚ್ಚಿಡ್ತಿದ್ದ?" ಎಂದ ಮಂಜ.

ಹುಚ್ಚನಿಗೆ ಮಾತ್ರ ನಿಜವಾಗಿ ನೋವಾಗಿತ್ತು. "ನನ್ನ ಎಮ್ಮೆಗೆ ಕಾರು ಗುದ್ದಲೇ ಇಲ್ಲವಾ ಒಡೆಯಾ? ಊರಿಗೆಲ್ಲ ಹೇಳಿ ಆಗಿದೆಯಲ್ಲ!"

ಚನ್ನಬಸವ ಹರಾಜಿನ ಕಾಗದ ತೆಗೆದು ತೋರಿಸಿದ. ಅದನ್ನು ಓದಲು ಯಾರೂ ಒಪ್ಪಲಿಲ್ಲ. ನಾನು, "ನಿಜವೇ ಹೌದು, ನನಗೆ ಗೊತ್ತುಂಟು" ಎಂದೆ. "ಮಾಸ್ತರ್ರೇ, ಆಕ್ಸಿಡೆಂಟಾಗಿದೆ ಅಂತ ಕೂಗಿದವರು ನೀವೇ ಅಲ್ಲವಾ?" ಎಂದ ಕೆರಿಯಪ್ಪ. "ದುಡ್ಡು ಕೊಟ್ಟು ಒಡೆದ ಕಾರು ಯಾವ ಮನುಷ್ಯ ತರ್ತಾನೆ ಹೇಳಿ ನೋಡುವಾ?" ಎಂದು ಅವನು ಸಭೆಯನ್ನು ಕೇಳಿದ.

"ಇವರು ತರತಾರ" ಎಂದಳು ಮಹೇಶ್ವರಿ.

ಎಲ್ಲರೂ ಅವಳತ್ತ ತಿರುಗಿದರು.

"ಅಂಗಡ್ಯಾಗ ನೆಗ್ಗಿದ ಪಾತ್ರಿ ಯಾರೂ ಒಯ್ಯೂದಿಲ್ಲ ಅಂತ ಮನಿಗೆ ತರತಾರ. ನಮ್ಮ ಮನ್ಯಾಗ ನೆಗ್ಗಿಲ್ಲದ ಒಂದು ತಂಬಗಿ ಇಲ್ಲ. ಹೊಸಾ ಕಾರು ತಂದಿದ್ರು ಅಂದಾಗನ ನನಗ ಅನುಮಾನ ಬರಬೇಕಾಗಿತ್ತು." ಆಮೇಲೆ ಗಂಡನತ್ತ ನೋಡಿ ಮೆಲ್ಲಗೆ ಕೇಳಿದಳು. "ಯಾಕ ತಂದ್ರಿ?"

"ನಿನಗ ಮುಂದ ಕುಂದ್ರಾಕ" ಎಂದ ಚನ್ನಬಸವ.

ಅವಳು ಸೀಟಿನ ಹೂವಿನ ಕವರಿನ ಮೇಲೆ ಕೈಯಾಡಿಸಿದಳು. ಸೊಂಟದಲ್ಲಿದ್ದ ಫೋನು ತೆಗೆದು ಅಲ್ಲೇ ಎಲ್ಲರೆದುರಿಗೆ ಯಲ್ಲಾಪುರಕ್ಕೆ ಹಚ್ಚಿದಳು.

"ಅವ್ವಾ, ನಿನ್ನ ಆಣಿ ನಡಿಯಂಗಿಲ್ಲ. ಇವರು ಕಾರು ಮುರಿದಿಲ್ಲಂತ, ಮುರಿದಿದ್ದನ್ನ ಕೊಂಡಾರಂತ."

"ಹಂಗನು? ಅಳಿಯಂದಿರು ಅಷ್ಟು ಶಾಣ್ಯಾ ಅಲ್ಲ ಅಂತ ನನಗ ಗೊತ್ತಿತ್ತು. ಹಂಗಾರ ಬಾ ಯವ್ವಾ" ಎಂದು ಗಿರಿಜವ್ವ ಅಂದದ್ದು ಓಣಿಗೆಲ್ಲ ಕೇಳಿಸಿತು.

ಹೊರಟೆವು. ಹೊರಟೆವು ಎಂದರೆ ನಾನೂ. ಕಾರು ನಿಂತರೆ ತಳ್ಳಲು ಒಬ್ಬರು ಬೇಕು, ಅಪಘಾತದ ಕೂಗು ಹಾಕಿದ ಪಾಪಕ್ಕೆ ಇದು ಪ್ರಾಯಶ್ಚಿತ್ತ ಎಂದು ನಾನೇ ಹಿಂದೆ ಹತ್ತಿದೆ. ನನ್ನ ಕೈಗೆ ಆರು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಬಾಟಲಿ ನೀರು ಕೊಟ್ಟಿದ್ದರು. ಚನ್ನಬಸವ ಇಪ್ಪತ್ತರ ವೇಗದಲ್ಲಿ ಹೊಡೆಯುತ್ತಿದ್ದ. ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ಮೊದಲನೆಯ ತಿರುವು ಬಂತು. ನಾನು ಚೀಲ ಬಿಡಿಸಿದೆ. ಏನೂ ಆಗಲಿಲ್ಲ. ಹತ್ತು ತಿರುವು ದಾಟಿದೆವು, ಮಂಚಿಕೇರಿಯ ಕಡೆಯ ದಟ್ಟ ಕಾಡು ಬಂತು. ಎತ್ತರದ ಸೀಟಿನಲ್ಲಿ ಮಹೇಶ್ವರಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯದೆ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು.

"ನಿಲ್ಲಸ್ರೀ!" ಎಂದಳು ಒಮ್ಮೆಲೇ.

ಚನ್ನಬಸವ ಕಾರನ್ನು ಸೇತುವೆಯೊಂದರ ಪಕ್ಕಕ್ಕೆ ತಂದು ನಿಲ್ಲಿಸಿದ. ಅವಳು ನೀಲಿ ಬಾಗಿಲು ತೆಗೆದು ಇಳಿದಳು. ನಾನು ಚೀಲ, ನೀರು ಹಿಡಿದು ಹಿಂದೆ ಓಡಿದೆ. ಅವಳು ವಾಂತಿ ಮಾಡಲಿಲ್ಲ. ಸೇತುವೆಯ ಕಟ್ಟೆಗೆ ಕೈಯೂರಿ ಕೆಳಗೆ ನೋಡುತ್ತ ನಿಂತಳು.

"ಇದು ಯಾವ ಹೊಳಿ ರೀ ಮಾಸ್ತರ್ರ?"

"ಬೇಡ್ತಿ ಅಲ್ಲವೇನೇ ತಂಗೀ?"

"ಇಲ್ಲಿ ಹೊಳಿ ಐತೇನ್ರೀ?"

ಮದುವೆಯಾಗಿ ಹತ್ತೊಂಬತ್ತು ವರ್ಷ. ಎಷ್ಟು ಸಲ ಈ ಸೇತುವೆ ದಾಟಿದ್ದಳೋ. ನಾನು ಚೀಲವನ್ನು ಮಡಚತೊಡಗಿದೆ.

"ಬಸ್ಸಿನ್ಯಾಗ ತಲಿ ಎತ್ತಿದ್ರಲ್ರೀ ಕಾಣೂದು. ತವರುಮನಿ ದಾರಿ ಹೆಂಗೈತಿ ಅಂತ ನಾ ನೋಡೇ ಇಲ್ಲ" ಎಂದು ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಫೋನು ಬಂತು. ಗಿರಿಜವ್ವ, ಎಲ್ಲಿಯವರೆಗೆ ಬಂದಿರಿ ಎಂದು ಕೇಳುತ್ತಿದ್ದರು.

"ತಡ ಆಕ್ಕೈತಿ ಅವ್ವಾ. ಸೇತುವೆ ಮ್ಯಾಲೆ ನಿಂತೇನಿ. ನೀರು ಎಷ್ಟು ಛಂದ ಹರಿಯಾಕತ್ತೇತಿ ಗೊತ್ತೈತೇನು?"

"ಗೊತ್ತೈತಿ ಯವ್ವಾ" ಎಂದರು ಗಿರಿಜವ್ವ. "ನಿನ್ನ ಗಂಡನ ಮನಿಗೆ ಕಳಸಾಕ ಬಂದಾಗ ಅಲ್ಲೇ ಬಸ್ಸು ನಿಲ್ಲಿಸಿ ಬುತ್ತಿ ಉಂಡಿದ್ವಿ. ನೀ ಒಬ್ಬಾಕಿನ ತಲಿ ಬಗ್ಗಿಸಿ ಕುಂತಿದ್ದಿ. ಅಳಾಕತ್ತಿ ಅಂತ ತಿಳದಿದ್ದೆ ನಾ. ಇರ್ಲಿ, ಅವಸರ ಮಾಡಬ್ಯಾಡ, ಸಾವಕಾಶ ನೋಡಕೋತ ಬಾ. ನಾ ಎಲ್ಲೂ ಹೋಗೂದಿಲ್ಲ."

ಚನ್ನಬಸವ ಎಂಜಿನ್ ಆರಿಸಿ, ಇಳಿದು ಬಂದು ಹೆಂಡತಿಯ ಪಕ್ಕ ನಿಂತ. ಆ ದಿನ ಯಲ್ಲಾಪುರ ಮುಟ್ಟಲು ನಮಗೆ ನಾಲ್ಕು ತಾಸು ಹಿಡಿಯಿತು.